ಎಐಎಸ್ ಬಂದ್ ಮಾಡಿದ ಹಡಗು ಸಿಕ್ಕಿಬೀಳುವುದು ಹೇಗೆ?

ಮಲ್ಪೆಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು: "ಕಳ್ಳ ಹಡಗುಗಳನ್ನು ಪುಟ್ಟ ಉಪಗ್ರಹಗಳು ಪತ್ತೆ ಮಾಡುತ್ತವೆ ಅಂತ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೀರಿ. ಹಡಗಿನ ಗುರುತು ಹೇಳುವ ಎಐಎಸ್ ಪೆಟ್ಟಿಗೆಯನ್ನೇ ಬಂದ್ ಮಾಡಿದ ಮೇಲೆ ಮೇಲಿನವರಿಗೆ ಹೇಗೆ ಗೊತ್ತಾಗುತ್ತದೆ? ಗೊತ್ತಾಗುವುದಾದರೆ ನಮ್ಮ ‘ಸುವರ್ಣ ತ್ರಿಭುಜ’ ದೋಣಿ ಯಾಕೆ ಸಿಗಲಿಲ್ಲ?"

ಎರಡನೇ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅದಕ್ಕೆ ಆಮೇಲೆ ಬರುತ್ತೇನೆ.

ಎಐಎಸ್ ನಿಮಗೆ ಗೊತ್ತಿರುವುದೇ. ದೇಶದಿಂದ ದೇಶಕ್ಕೆ ಹೋಗುವ, ಗಾತ್ರದಲ್ಲಿ 300 ಟನ್ನೇಜ್ ಅಥವಾ ಅದಕ್ಕಿಂತ ಹೆಚ್ಚಿನ ಹಡಗುಗಳಲ್ಲೆಲ್ಲ ಅದು ಇರಲೇಬೇಕು. ಹೆಸರು, ಜಾಗ, ವೇಗ, ದಿಕ್ಕು ಎಲ್ಲವನ್ನೂ ವಿಎಚ್‌ಎಫ್ ರೇಡಿಯೋದಲ್ಲಿ ಕೂಗುತ್ತಲೇ ಇರುತ್ತದೆ. ಗುಂಡಿ ಒತ್ತಿ ಆರಿಸಿದರೆ ಹಡಗು ನಕ್ಷೆಯಿಂದ ಮಾಯ. ಆರಿಸಿದವರೆಲ್ಲ ಕಳ್ಳರಲ್ಲ. ಕಡಲ್ಗಳ್ಳರಿಗೆ ಹೆದರಿ ಆರಿಸುವವರಿದ್ದಾರೆ. ಮೀನು ಸಿಕ್ಕ ಜಾಗ ಬೇರೆಯವರಿಗೆ ತಿಳಿಯಬಾರದು ಅಂತ ಆರಿಸುವವರೂ ಇದ್ದಾರೆ. ಆದರೆ ಬೇರೆಯವರ ಕಡಲನ್ನು ಬರಿದು ಮಾಡಲು ಬರುವವರ ಲೆಕ್ಕವೇ ಬೇರೆ. 2017ರ ಆಗಸ್ಟ್‌ನಲ್ಲಿ ಗಲಪಗೋಸ್ ದ್ವೀಪಗಳ ರಕ್ಷಿತ ಕಡಲಿನೊಳಗೆ ಈಕ್ವೆಡಾರ್ ಒಂದು ಚೀನೀ ಹಡಗನ್ನು ಹಿಡಿಯಿತು. ಅದರ ಹೊಟ್ಟೆಯೊಳಗೆ ಆರು ಸಾವಿರಕ್ಕೂ ಜಾಸ್ತಿ ಶಾರ್ಕ್‌ಗಳಿದ್ದವು. ಅಂಥ ಕಡಲಿಗೆ ಕಾವಲು ಬೇಕೇ ಬೇಕು.

ಎಐಎಸ್ ಆರಿಸಬಹುದು, ಸರಿ. ರೇಡಾರ್ ಆರಿಸಿ ಕತ್ತಲಲ್ಲಿ ಹಡಗು ಓಡಿಸುವುದು ಹೇಗೆ? ಪಕ್ಕದ ಹಡಗಿಗೆ ಹೋಗಿ ಗುದ್ದುತ್ತದೆ. ವೀಲ್‌ಹೌಸ್ ಅಂದರೆ ಹಡಗು ನಡೆಸುವ ಕೋಣೆಯ ಮೇಲೆ ಒಂದು ಅಡ್ಡಪಟ್ಟಿ ತಿರುಗುತ್ತಿರುತ್ತದಲ್ಲ, ಸುಮಾರು ಎರಡೂವರೆ ಸೆಕೆಂಡಿಗೆ ಒಂದು ಸುತ್ತು, ಅದೇ ರೇಡಾರ್. ಪ್ರತಿ ಸುತ್ತಿನಲ್ಲೂ 9.4 ಗಿಗಾಹರ್ಟ್ಸ್ ಸುತ್ತಮುತ್ತಲಿನ ರೇಡಿಯೋ ಮಿಡಿತಗಳನ್ನು ಸುತ್ತಲೂ ಎಸೆಯುತ್ತದೆ. ಅದರಲ್ಲಿ ಸ್ವಲ್ಪ ಆಕಾಶಕ್ಕೂ ಹೋಗುತ್ತದೆ. ಉಪಗ್ರಹ ಕಿವಿಗೊಟ್ಟು ಕೇಳುವುದು ಅದನ್ನೇ. ಇದು ಫೋಟೊ ಅಲ್ಲ, ಹಾಗಾಗಿ ರಾತ್ರಿ, ಮೋಡ, ಮಳೆಗಾಲ ಯಾವುದೂ ಅಡ್ಡಿಯಿಲ್ಲ.

ಕೇಳಿಸಿದರೆ ಸಾಲದು, ಎಲ್ಲಿಂದ ಅಂತ ತಿಳಿಯಬೇಕು. ಅಮೆರಿಕದ ಹಾಕ್‌ಐ 360 ಕಂಪನಿ ಅದಕ್ಕೇ ಮೂರು ಉಪಗ್ರಹಗಳನ್ನು ಜೊತೆಯಾಗಿ ಹಾರಿಸುತ್ತದೆ. ಒಂದೇ ಮಿಡಿತ ಮೂವರಿಗೂ ಒಂದೇ ಕ್ಷಣಕ್ಕೆ ತಲುಪುವುದಿಲ್ಲ. ಆ ಚೂರು ವ್ಯತ್ಯಾಸದಿಂದ ಜಾಗದ ಲೆಕ್ಕ ಸಿಗುತ್ತದೆ. ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ರೇಡಿಯೋ ಅಷ್ಟರಲ್ಲಿ 300 ಮೀಟರ್ ಓಡಿರುತ್ತದೆ, ಅಷ್ಟು ನಾಜೂಕು. ಇನ್ನೊಂದು ದಾರಿಯೂ ಇದೆ. ಆಂಬುಲೆನ್ಸ್ ಹತ್ತಿರ ಬರುವಾಗ ಸೈರನ್ ಕೀಚಲಾಗಿ, ದಾಟಿಹೋದ ಮೇಲೆ ದಪ್ಪಗೆ ಕೇಳುತ್ತದೆ ಅಲ್ವಾ? ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುವ ಉಪಗ್ರಹಕ್ಕೆ ರೇಡಾರ್‌ನ ದನಿಯೂ ಹಾಗೇ ಬದಲಾಗುತ್ತದೆ, ಆ ಬದಲಾವಣೆಯಿಂದಲೂ ಜಾಗ ಲೆಕ್ಕ ಹಾಕಬಹುದು. ಫ್ರಾನ್ಸಿನ ಅನ್‌ಸೀನ್‌ಲ್ಯಾಬ್ಸ್ ಒಂದೇ ಉಪಗ್ರಹದಿಂದ ಜಾಗ ಹೇಳುತ್ತದೆ.

ಈ ಕಥೆಯ ಒಂದು ತುದಿ ನಮ್ಮಲ್ಲೇ ಇದೆ. ಆಕಾಶದಿಂದ ಎಐಎಸ್ ಕೇಳಲೆಂದು ನಾರ್ವೆ ಕಟ್ಟಿಸಿದ ಎಐಎಸ್‌ಸ್ಯಾಟ್-1, 20 ಸೆಂಟಿಮೀಟರಿನ ಚೌಕ ಡಬ್ಬಿ, ಮೇಲೆ ಹೋಗಿದ್ದು 2010ರ ಜುಲೈ 12ರಂದು ಶ್ರೀಹರಿಕೋಟಾದಿಂದ. ಬೆಂಗಳೂರು, ಹೈದರಾಬಾದ್‌ಗಳ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕಟ್ಟಿದ ಸ್ಟಡ್‌ಸ್ಯಾಟ್ ಕೂಡ ಅದೇ ರಾಕೆಟ್‌ನಲ್ಲಿತ್ತು. ಎಐಎಸ್ ಒಂದೇ ಸಾಲದು ಅಂತ ಗೊತ್ತಾಗಿ, 2021ರಲ್ಲಿ ನಾರ್ವೆ ನಾರ್‌ಸ್ಯಾಟ್-3ಕ್ಕೆ ರೇಡಾರ್ ಕೇಳುವ ಕಿವಿಯನ್ನೂ ಇಟ್ಟಿತು.

ಈಗ ನಿಮ್ಮ ಎರಡನೇ ಪ್ರಶ್ನೆ. ಸುವರ್ಣ ತ್ರಿಭುಜ ಏಳು ಮಂದಿಯೊಂದಿಗೆ ಮಲ್ಪೆಯಿಂದ ಹೊರಟಿದ್ದು 2018ರ ಡಿಸೆಂಬರ್ 13ರಂದು. ಎರಡೇ ದಿನಕ್ಕೆ ಸಂಪರ್ಕ ಕಡಿಯಿತು. ಹಾಕ್‌ಐನ ಮೊದಲ ಮೂರು ಉಪಗ್ರಹಗಳು ಮೇಲೇರಿದ್ದು ಅದೇ ಡಿಸೆಂಬರ್ 3ರಂದು. ಅವಿನ್ನೂ ಪರೀಕ್ಷೆಯಲ್ಲೇ ಇದ್ದವು. ಕೆಲಸ ಶುರುಮಾಡಿದ್ದರೂ ಪ್ರಯೋಜನ ಆಗುತ್ತಿರಲಿಲ್ಲ. ಇಂಥ ಉಪಗ್ರಹ ತಲೆಯ ಮೇಲೆ ಹಾದುಹೋಗುವಾಗ ಮಾತ್ರ, ಅದೂ ರೇಡಿಯೋ ಬಿಡುತ್ತಿರುವ ಹಡಗನ್ನಷ್ಟೇ ಕೇಳುತ್ತದೆ. ಮುಳುಗಿದ ದೋಣಿಯಿಂದ ಏನೂ ಬರುವುದಿಲ್ಲ. ಮನೆಯವರು ನಾಲ್ಕು ತಿಂಗಳಿಗೂ ಜಾಸ್ತಿ ಕಾದರು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣ್ ಆಚೆ ಕಡಲ ತಳದಲ್ಲಿ ಅವಶೇಷ ಕಂಡಿತು.

ಮುಳುಗುವ ದೋಣಿಗೆ ಬೇಕಾದ ಪೆಟ್ಟಿಗೆ ಬೇರೆ. ಅದರ ಹೆಸರು ಇಪಿಐಆರ್‌ಬಿ. ಒಂದು ಬಗೆ ಇದೆ, ದೋಣಿ ಕೆಳಗಿಳಿದರೆ ನೀರಿನ ಒತ್ತಡಕ್ಕೆ ತಾನೇ ಕಳಚಿಕೊಂಡು ಮೇಲೆ ತೇಲುತ್ತದೆ, 406 ಮೆಗಾಹರ್ಟ್ಸ್‌ನಲ್ಲಿ ಕೂಗಲು ಶುರುಮಾಡುತ್ತದೆ. ಉಪಗ್ರಹ ಆ ಕೂಗನ್ನು ಹಿಡಿದು ನೆಲಕ್ಕೆ ಕಳಿಸುತ್ತದೆ. ಭಾರತದ ಕೇಂದ್ರ ಇರುವುದು ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರಾಕ್‌ನಲ್ಲಿ. ಅಲ್ಲಿಂದ ಸುದ್ದಿ ರಕ್ಷಣೆಯವರಿಗೆ ಹೋಗುತ್ತದೆ. ನಿಮ್ಮ ದೋಣಿಯಲ್ಲಿ ಅದು ಇದೆಯಾ? ಇದ್ದರೆ ಬ್ಯಾಟರಿಯ ಮೇಲಿನ ತಾರೀಖು ಒಮ್ಮೆ ನೋಡಿ, ನಮಗೂ ಬರೆಯಿರಿ.

- ಸಂ.