ಬಿಟ್ಟಿ ಚಾಕರಿ ಅಂದಿರಲ್ಲ, ಯಜಮಾನರೇ

ಮಂಡ್ಯ ತಾಲ್ಲೂಕಿನ ಓದುಗರೊಬ್ಬರು ಎರಡು ಹಾಳೆ ತುಂಬ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ತಿರುಳು ಇಷ್ಟು:

"ಹೋದ ಸಂಚಿಕೆಯಲ್ಲಿ ಓಪನ್ ಸೋರ್ಸ್ ಅಂತ, ಯಾರು ಬೇಕಾದರೂ ಬಳಸಿಕೊಳ್ಳಲಿ ಅಂತ ದುಡ್ಡಿಲ್ಲದೆ ಕೋಡ್ ಬರೆಯೋ ಹುಡುಗರನ್ನ ಹೊಗಳಿ ನಾಲ್ಕು ಪುಟ ಹಾಕಿದಿರಿ. ನನ್ನ ಮಗ ಮೈಸೂರಿನ ಹೆಬ್ಬಾಳದ ಕಡೆ ಒಂದು ಕಂಪನಿಯಲ್ಲಿದ್ದಾನೆ. ಸಂಬಳ ಬರುತ್ತೆ, ಅದು ಬೇರೆ. ರಾತ್ರಿ ಹನ್ನೊಂದಾದ ಮೇಲೆ ಇನ್ನೊಂದು ಕೆಲಸ. ರೂಪಾಯಿ ಮೊತ್ತವನ್ನ ಅಕ್ಷರದಲ್ಲಿ ಬರೆದುಕೊಡೋ ಏನೋ ಒಂದು ಲೈಬ್ರರಿಯಂತೆ, ಬೇರೆಯವರು ತಮ್ಮ ಸಾಫ್ಟ್‌ವೇರಿಗೆ ಜೋಡಿಸಿಕೊಳ್ಳೋ ಸಿದ್ಧ ಕೋಡಂತೆ, ನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದಾನೆ. ಒಂದು ಪೈಸೆ ಹುಟ್ಟಿಲ್ಲ. ಮಗಳ ನಿಶ್ಚಿತಾರ್ಥದ ದಿನ ನೆಂಟರೆಲ್ಲ ಎಲೆ ಮುಂದೆ ಕೂತಿದ್ದರೆ ಇವನು ಛತ್ರದ ಮೂಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದ. ಯಾಕೋ ಅಂದರೆ ಗುಜರಾತಿನ ಯಾವನೋ 'ಇನ್ನೂ ಸರಿ ಮಾಡಿಲ್ವಾ' ಅಂತ ಬಯ್ದಿದ್ದನಂತೆ. ಈಗ ಎಐ ಎಲ್ಲಾ ಬರೆದುಕೊಡುತ್ತೆ ಅಂತ ನೀವೇ ಬರೀತೀರಿ. ಹಾಗಿದ್ದ ಮೇಲೆ ಈ ಬಿಟ್ಟಿ ಚಾಕರಿ ಯಾರ ಉದ್ಧಾರಕ್ಕೆ ಸ್ವಾಮಿ?"

ಯಜಮಾನರೇ, ನಮಸ್ಕಾರ.

ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ. ನಿಮ್ಮ ಪತ್ರ ಓದಿದ ಮೇಲೆ ಆ ಲೇಖನ ತೆಗೆದು 'ಸೇವೆ' ಅನ್ನುವ ಪದ ಎಷ್ಟು ಸಲ ಬಂದಿದೆ ಅಂತ ಎಣಿಸಿದೆ. ಹದಿನಾಲ್ಕು ಸಲ. 'ಸಂಬಳ' ಒಂದು ಸಲವೂ ಇಲ್ಲ. ಹಸಿದವನಿಗೆ ಊಟ ಹಾಕದೆ ಹಾರ ಹಾಕಿ ಕಳಿಸಿದ ಹಾಗಾಯಿತು. ನೀವು ಬಯ್ದಿದ್ದು ಸರಿ.

ಆದರೆ 'ಯಾರ ಉದ್ಧಾರಕ್ಕೆ' ಅಂದಿರಲ್ಲ, ಅದಕ್ಕೆ ಉತ್ತರ ನಮ್ಮ ಆಫೀಸಿನಲ್ಲೇ ಇದೆ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆ.

ನಮಗೆ ಬರುವ ಬರಹಗಳಲ್ಲಿ ಬಹಳಷ್ಟು ಇವತ್ತಿಗೂ 'ನುಡಿ' ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಆಗಿ ಬರುತ್ತವೆ. ನಾವು ಪುಟ ಕಟ್ಟುವುದು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ. ನಡುವೆ ಒಂದು ಪುಟ್ಟ ಪ್ರೋಗ್ರಾಮ್ ಕೂತು ಅದನ್ನು ಇದಕ್ಕೆ ಬದಲಾಯಿಸುತ್ತದೆ. ಒಂದಕ್ಷರ ತೆಗೆದು ಇನ್ನೊಂದಕ್ಷರ ಇಡುವುದು, ಅಷ್ಟೇ ಅಲ್ವಾ ಅನ್ನಿಸಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. 'ಕರ್ನಾಟಕ' ತಗೊಳ್ಳಿ. ಹಳೇ ಫಾಂಟಿನಲ್ಲಿ 'ನಾ' ಮೊದಲು, ಅರ್ಕಾವತ್ತು ಆಮೇಲೆ, ನಾವು ಕೈಯಲ್ಲಿ ಬರೆಯುವ ಹಾಗೇ. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಕ್ರಮ: 'ರ' ಮೊದಲು, ಅದಕ್ಕೊಂದು ಹಲಂತ, ಆಮೇಲೆ 'ನಾ'. ಅಂದರೆ ಆ ಪ್ರೋಗ್ರಾಮ್ ಪ್ರತಿಯೊಂದು ಅರ್ಕಾವತ್ತನ್ನೂ ಜುಟ್ಟು ಹಿಡಿದು ಹಿಂದಕ್ಕೆ ಎಳೆದು, ಸರಿಯಾದ ಅಕ್ಷರದ ಮುಂದೆ ಕೂರಿಸಬೇಕು. ಒತ್ತಕ್ಷರ, ದೀರ್ಘ ಎಲ್ಲಾ ಒಟ್ಟಿಗೆ ಬಂದರೆ ಇನ್ನೂ ತಲೆನೋವು.

ಹೋದ ದಸರಾ ವಿಶೇಷಾಂಕ ಪ್ರೆಸ್ಸಿಗೆ ಹೋಗುವ ಹಿಂದಿನ ರಾತ್ರಿ ಅದು ಕೈಕೊಟ್ಟಿತು. ನಮ್ಮ ಡಿಟಿಪಿ ಹುಡುಗ ಕಂಪ್ಯೂಟರ್ ಅಪ್‌ಡೇಟ್ ಮಾಡಿದ್ದನಂತೆ, ಅದಕ್ಕೂ ಇದಕ್ಕೂ ಹೊಂದಲಿಲ್ಲ. 'ಕರ್ನಾಟಕ' ಹೋಗಿ 'ಕನಾಟಕ' ಆಯಿತು, ನಡುವೆ ಯಾವುದೋ ಪರದೇಶಿ ಅಕ್ಷರ ಸಿಕ್ಕಿಕೊಂಡಿತ್ತು. 'ಸೂರ್ಯ', 'ಮಾರ್ಗ', 'ಕಾರ್ಯಕ್ರಮ', ಎಲ್ಲಾ ಪುಟದಲ್ಲೂ ಅದೇ ಕತೆ. ರಾತ್ರಿ ಒಂದೂವರೆಗೆ ಅದನ್ನು ಬರೆದಿಟ್ಟ ಹುಡುಗನಿಗೆ ಮೇಲ್ ಹಾಕಿದೆ. ನಿಮ್ಮ ಗುಜರಾತಿನವನಿಗಿಂತ ನಾನೇನೂ ಕಮ್ಮಿ ಇರಲಿಲ್ಲ. "ಬೆಳಿಗ್ಗೆ ಆರಕ್ಕೆ ಪ್ರೆಸ್ಸಿಗೆ ಕೊಡಬೇಕು, ಇಂಥ ಹೊತ್ತಿನಲ್ಲಿ ಹೀಗಾದರೆ ಹೇಗೆ" ಅಂತ, ಏನೋ ತಿಂಗಳ ಸಂಬಳ ಕೊಟ್ಟು ಇಟ್ಟುಕೊಂಡವನ ಹಾಗೆ. ಎರಡೂಕಾಲಿಗೆ ಉತ್ತರ ಬಂತು, ಒಂದೇ ಸಾಲು: "ಸಾರ್, ಈಗ ಅರ್ಕಾವತ್ತು ಸರಿಯಾಗಿದೆ, ನೋಡಿ." ವಿಶೇಷಾಂಕ ಹೊತ್ತಿಗೆ ಸರಿಯಾಗಿ ಬಂತು. ಬೈಂಡಿಂಗ್‌ನವರಿಗೆ, ಕರಡು ತಿದ್ದಿದವರಿಗೆ, ರಾತ್ರಿ ಟೀ ತಂದುಕೊಟ್ಟವನಿಗೆ ಎಲ್ಲರಿಗೂ ದುಡ್ಡು ಹೋಯಿತು. ಅವನಿಗೆ ಒಂದು 'ಥ್ಯಾಂಕ್ಸ್' ಕೂಡ ಹೋಗಲಿಲ್ಲ. ಮರೆತೆವು.

ನಿಮ್ಮ ಕಡೆ ಈಗ ವಿಸಿ ನಾಲೆ ನೀರು. ಅದಕ್ಕೆ ಮುಂಚಿನ ಕೆರೆಯ ಕಾಲದ ನೀರುಗಂಟಿಯ ಕತೆ ನಿಮ್ಮ ಮನೆಯ ಹಿರಿಯರಿಂದ ಕೇಳಿಯೇ ಇರುತ್ತೀರಿ. ಕೆರೆ ಅವನದಲ್ಲ, ಗದ್ದೆ ಅವನದಲ್ಲ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೋಡುವುದು ಮಾತ್ರ ಅವನ ಕೆಲಸ. ಆದರೆ ಊರು ಅವನನ್ನು ಬಿಟ್ಟಿಗೆ ದುಡಿಸಲಿಲ್ಲ. ಅವನೂ ಒಬ್ಬ ಆಯಗಾರ, ಸುಗ್ಗಿಯಲ್ಲಿ ಕಣದಿಂದಲೇ ಅವನ ಪಾಲು ಹೋಗುತ್ತಿತ್ತು. ಸಾಫ್ಟ್‌ವೇರ್‌ನವರು ನೀರುಗಂಟಿಯನ್ನು ಇಟ್ಟುಕೊಂಡರು, ಕಣದ ಪಾಲನ್ನು ಮಾತ್ರ ಮರೆತರು.

ಇದು ನಮ್ಮಂಥ ಸಣ್ಣ ಪತ್ರಿಕೆಯ ಪಾಡು ಮಾತ್ರ ಅಂದುಕೊಳ್ಳಬೇಡಿ. 2014ರಲ್ಲಿ ಹಾರ್ಟ್‌ಬ್ಲೀಡ್ ಅಂತ ಒಂದು ದೊಡ್ಡ ತೂತು ಹೊರಬಿತ್ತು, ಓಪನ್‌ಎಸ್‌ಎಸ್‌ಎಲ್ ಅನ್ನುವ ಲೈಬ್ರರಿಯಲ್ಲಿ. ನೀವು ಬ್ಯಾಂಕಿನ ವೆಬ್‌ಸೈಟ್ ತೆರೆದಾಗ ಕಾಣುತ್ತಲ್ಲ ಬೀಗದ ಚಿತ್ರ, ಆ ಬೀಗದ ಕೆಲಸ ಮಾಡುವ ಕೋಡ್ ಅದು. ಜಗತ್ತಿನ ಅರ್ಧ ವ್ಯಾಪಾರ ಅದರ ಮೇಲೆ ನಿಂತಿತ್ತು, ಅದಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2000 ಡಾಲರ್. 2016ರಲ್ಲಿ ಇನ್ನೊಂದು ತಮಾಷೆ: ಅಕ್ಷರಗಳ ಎಡಗಡೆಗೆ ಖಾಲಿ ಜಾಗವೋ ಸೊನ್ನೆಯೋ ತುಂಬಿಸುವ 11 ಸಾಲಿನ ಕೋಡನ್ನು ಅದರ ಒಡೆಯ ಜಗಳವಾಡಿಕೊಂಡು ಎನ್‌ಪಿಎಂ ಅನ್ನುವ ಸಿದ್ಧ ಕೋಡುಗಳ ಉಗ್ರಾಣದಿಂದ ತೆಗೆದುಬಿಟ್ಟ. ಹೆಸರು ಲೆಫ್ಟ್‌ಪ್ಯಾಡ್. ಅದನ್ನೇ ನಂಬಿಕೊಂಡಿದ್ದ ದೊಡ್ಡ ದೊಡ್ಡ ಕಂಪನಿಗಳ ಕೆಲಸ ಕೆಲವು ಗಂಟೆ ನಿಂತುಹೋಯಿತು.

ನಿಮಗೆ ನಿಜವಾಗಿ ಹೇಳಬೇಕಾದ ಕತೆ ಇವಲ್ಲ, 2024ರದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ನಿಮ್ಮ ಮಗನಂಥವನೊಬ್ಬ ಇದ್ದಾನೆ.

ಎಕ್ಸ್‌ಝಡ್ ಅಂತ ಫೈಲುಗಳನ್ನು ಒತ್ತಿ ಚಿಕ್ಕದು ಮಾಡುವ ಸಾಫ್ಟ್‌ವೇರ್. ಬಹಳಷ್ಟು ಸರ್ವರ್‌ಗಳನ್ನು ನಡೆಸುವ ಲಿನಕ್ಸ್ ಇರುವ ಕಡೆಯೆಲ್ಲ ಹೆಚ್ಚುಕಮ್ಮಿ ಇರುತ್ತದೆ. ಬಹಳ ವರ್ಷ ಅದನ್ನು ನೋಡಿಕೊಂಡವರು ಫಿನ್‌ಲೆಂಡಿನ ಲಾಸ್ಸೆ ಕೊಲಿನ್, ಒಬ್ಬರೇ. 2022ರ ಹೊತ್ತಿಗೆ ಅವರಿಗೆ ಸುಸ್ತಾಗಿತ್ತು. ಮನಸ್ಸಿನ ಆರೋಗ್ಯ ಸರಿ ಇಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಅನ್ನುವುದು ನೆನಪಿರಲಿ ಅಂತ ಎಲ್ಲರೂ ಓದುವ ಮೇಲಿಂಗ್ ಲಿಸ್ಟಿನಲ್ಲೇ ಬರೆದರು. ಯಾಕೆ ಬರೆದರು ಅಂದರೆ, ಹಿಂದೆಮುಂದೆ ಗೊತ್ತಿಲ್ಲದ ಒಂದಿಬ್ಬರು ಬಂದು "ಕೆಲಸ ಮುಂದೆ ಹೋಗುತ್ತಿಲ್ಲ, ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ" ಅಂತ ಮೇಲಿಂದ ಮೇಲೆ ಚುಚ್ಚುತ್ತಿದ್ದರು. ಅದೇ ಹೊತ್ತಿಗೆ ಜಿಯಾ ಟಾನ್ ಅನ್ನುವ ಹೆಸರಿನ ಒಬ್ಬ ತುಂಬಾ ವಿನಯದಿಂದ ಕೈಜೋಡಿಸುತ್ತಿದ್ದ. ಒಳ್ಳೇ ಕೋಡ್, ಒಳ್ಳೇ ಮಾತು. ಎರಡು ವರ್ಷದೊಳಗೆ ತೂಬಿನ ಕೀಲಿ ಅವನ ಕೈಗೆ ಬಂತು. 2024ರ ಫೆಬ್ರವರಿಯಲ್ಲಿ 5.6.0 ಅನ್ನುವ ಹೊಸ ಆವೃತ್ತಿ ಬಿಡುಗಡೆ ಮಾಡಿದ, ಒಳಗೆ ಕಳ್ಳಬಾಗಿಲು ಇಟ್ಟು. ಕೋಡನ್ನು ಸುಮ್ನೆ ಓದಿದರೆ ಕಾಣುವ ಹಾಗಿರಲಿಲ್ಲ. ಪರೀಕ್ಷೆಗೆ ಅಂತ ಇಟ್ಟ ಕೆಟ್ಟ ಫೈಲುಗಳ ಒಳಗೆ ಬಚ್ಚಿಟ್ಟಿದ್ದ, ಅದನ್ನು ಬಿಚ್ಚುವ ಸಾಲು ಬಿಡುಗಡೆಯ ಗಂಟಿನಲ್ಲಿ ಮಾತ್ರ ಇತ್ತು, ಎಲ್ಲರೂ ಕೋಡ್ ನೋಡುವ ಗಿಟ್‌ನಲ್ಲಿ ಇರಲಿಲ್ಲ. ಅದೇನಾದರೂ ಎಲ್ಲಾ ಕಡೆ ಹರಡಿದ್ದರೆ ಲೆಕ್ಕವಿಲ್ಲದಷ್ಟು ಸರ್ವರ್‌ಗಳಿಗೆ ಅವನು ಹಿಂಬಾಗಿಲಿನಿಂದ ನುಗ್ಗಬಹುದಿತ್ತು.

ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್, ಮೈಕ್ರೋಸಾಫ್ಟ್ ನೌಕರ, ಬೇರೆ ಏನೋ ವೇಗದ ಅಳತೆ ಮಾಡುತ್ತಿದ್ದರು. ದೂರದ ಸರ್ವರ್‌ಗೆ ಒಳಹೋಗುವ ಎಸ್‌ಎಸ್‌ಎಚ್ ಲಾಗಿನ್‌ಗೆ ಮೊದಲು 0.299 ಸೆಕೆಂಡ್ ಹಿಡಿಯುತ್ತಿತ್ತು, ಈಗ 0.807. ಅರ್ಧ ಸೆಕೆಂಡ್ ಜಾಸ್ತಿ. ನಾನಾಗಿದ್ದರೆ ನೆಟ್ಟು ಸ್ಲೋ ಅಂತ ಟೀ ಕುಡಿಯಲು ಎದ್ದುಹೋಗುತ್ತಿದ್ದೆ. ಅವರು ಬಿಡಲಿಲ್ಲ, ಬೆನ್ನುಹತ್ತಿ ನೋಡಿದರೆ ತಡಕ್ಕೆ ಕಾರಣ ಆ ಕಳ್ಳಬಾಗಿಲು. ನಿಮ್ಮ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವನು ನೊರೆ ನೋಡಿಯೇ ಪಾಕದ ಹದ ತಪ್ಪಿದ್ದು ಹೇಳುತ್ತಾನಲ್ಲ, ಅಂಥ ಕಣ್ಣು. ಮಾರ್ಚ್ 29ಕ್ಕೆ ಎಲ್ಲರಿಗೂ ಗೊತ್ತಾಗುವ ಹಾಗೆ ಬರೆದರು. ಜಿಯಾ ಟಾನ್ ಅನ್ನುವ ಹೆಸರು ಅಲ್ಲಿಂದ ಮಾಯ.

ಇದನ್ನು ಓದಿ "ನೋಡಿದಿರಾ, ಅದಕ್ಕೇ ಬಿಟ್ಟುಬಿಡು ಅನ್ನೋದು" ಅಂತ ಮಗನಿಗೆ ಹೇಳಲು ಹೊರಡಬೇಡಿ. ಕೊಲಿನ್ ಅವರು ಆ ಕೆಲಸ ಮಾಡಿದ್ದು ತಪ್ಪಲ್ಲ. ಅಷ್ಟು ವರ್ಷ ಅವರ ಕೋಡ್ ಬಳಸಿ ದುಡ್ಡು ಮಾಡಿದ ಯಾರಿಗೂ "ಇವರೊಬ್ಬರೇ ಇದ್ದಾರಲ್ಲ" ಅಂತ ಹೊಳೆಯದೇ ಹೋದದ್ದು ತಪ್ಪು. ಒಂಟಿಯಾಗಿ ಸುಸ್ತಾದವನ ಬಾಗಿಲಿಗೇ ಕಳ್ಳ ಬರುವುದು. ನನಗೆ ನಿಮ್ಮ ಪತ್ರದಲ್ಲಿ ದಿಗಿಲಾದದ್ದು ಸಂಬಳದ ಮಾತಿಗಲ್ಲ, ಛತ್ರದ ಮೂಲೆಗೆ. ತಂಗಿಯ ನಿಶ್ಚಿತಾರ್ಥದ ದಿನ ಅವನು ಎದ್ದು ಹೋಗಬೇಕಾಯಿತು ಅಂದರೆ ಆ ಲೈಬ್ರರಿಗೆ ಅವನನ್ನು ಬಿಟ್ಟು ಇನ್ನೊಬ್ಬರಿಲ್ಲ ಅಂತಾಯಿತು.

ಇನ್ನೊಬ್ಬರನ್ನು ಸೇರಿಸಿಕೋ ಅಂತ ಹೇಳುವುದು ಸುಲಭ. ಎಕ್ಸ್‌ಝಡ್‌ನಲ್ಲಿ ಸೇರಿಸಿಕೊಂಡವನೇ ಕಳ್ಳನಾದ ಅಂತ ನೀವು ಕೇಳಿದರೆ ನನ್ನ ಹತ್ತಿರ ಪಕ್ಕಾ ಉತ್ತರವಿಲ್ಲ. ಒಂದು ಮಾತ್ರ ಹೇಳಬಲ್ಲೆ: ಅವಸರ ಮಾಡುವವನ ಮಾತಿಗೆ ಕೀಲಿ ಕೊಡಬಾರದು. 2025ರ ಸೆಪ್ಟೆಂಬರ್ 8ರಂದು ಇನ್ನೊಂದು ಆಯಿತು. ವಾರಕ್ಕೆ 200 ಕೋಟಿಗೂ ಜಾಸ್ತಿ ಸಲ ಡೌನ್‌ಲೋಡ್ ಆಗುವ 18 ಎನ್‌ಪಿಎಂ ಪ್ಯಾಕೇಜುಗಳಿಗೆ ವಿಷ ಬೆರೆಸಿದರು, ಚಾಕ್, ಡೀಬಗ್ ಅನ್ನುವವೂ ಅದರಲ್ಲಿವೆ. ದಾರಿ ಏನು ಅಂದರೆ ನೋಡಿಕೊಳ್ಳುವವನಿಗೆ ಒಂದು ಸುಳ್ಳು ಮೇಲ್, ನಿಮ್ಮ ಖಾತೆಯ ಎರಡನೇ ಬೀಗ ತಕ್ಷಣ ಹೊಸದು ಮಾಡಿ, ಇಲ್ಲದಿದ್ದರೆ ಖಾತೆ ಬಂದ್ ಅಂತ. ಅಲ್ಲೂ ಅವಸರವೇ. ಅನುಭವಸ್ಥ, ಪಾಪ, ಒಂದು ಸಲ ಕೈತಪ್ಪಿ ಒತ್ತಿಬಿಟ್ಟ. ಹಾಗಾಗಿ ಗುಜರಾತಿನವನಿಗೆ ಉತ್ತರ ಮಾರನೇ ದಿನ ಹೋದರೂ ಏನೂ ಮುಳುಗುವುದಿಲ್ಲ ಅಂತ ಮಗನಿಗೆ ಹೇಳಿ. ಇಂಥ ಲೈಬ್ರರಿಗಳ ಲೈಸೆನ್ಸಿನಲ್ಲೇ ಸಾಮಾನ್ಯವಾಗಿ ದೊಡ್ಡಕ್ಷರದಲ್ಲಿ ಬರೆದಿರುತ್ತದೆ: ಇದ್ದದ್ದು ಇದ್ದ ಹಾಗೆ ಕೊಟ್ಟಿದ್ದೇನೆ, ಯಾವ ಗ್ಯಾರಂಟಿಯೂ ಇಲ್ಲ. ಬರೆದವರೇ ಅದನ್ನು ಮರೆಯುತ್ತಾರೆ.

ಎಐ ಬಗ್ಗೆ ಕೇಳಿದಿರಿ. ಕೋಡ್ ಬರೆಯುವುದು ಈಗ ಅಗ್ಗ, ನಿಜ. ನಾಟಿ ಮಾಡಲು ಮೆಷಿನ್ ಬಂದರೆ ನೀರು ಕಟ್ಟುವವನು ಬೇಡ ಅನ್ನುತ್ತೀರಾ? ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅನ್ನುವವರು ಇಂಟರ್ನೆಟ್ಟಿನಲ್ಲಿ ಮಾಹಿತಿ ತರಿಸುವ, ಕಳಿಸುವ ಕರ್ಲ್ ಅನ್ನುವ ಸಾಫ್ಟ್‌ವೇರನ್ನು 1998ರಿಂದ ನೋಡಿಕೊಂಡಿದ್ದಾರೆ. ತಪ್ಪು ಹುಡುಕಿಕೊಟ್ಟವರಿಗೆ ದುಡ್ಡು ಕೊಡುತ್ತಿದ್ದರು. ಜನ ಎಐ ಹತ್ತಿರ ಬರೆಸಿ, ಇಲ್ಲದ ತಪ್ಪುಗಳ ಉದ್ದುದ್ದ ವರದಿ ಕಳಿಸಲು ಶುರು ಮಾಡಿದರು. ಓದಿ ಓದಿ ಸಾಕಾಗಿ 2026ರ ಜನವರಿ ಕೊನೆಗೆ ಆ ಬಹುಮಾನವನ್ನೇ ನಿಲ್ಲಿಸಿದರು. ಎಐ ಬಂದ ಮೇಲೆ ನೋಡಿಕೊಳ್ಳುವವನ ಕೆಲಸ ಜಾಸ್ತಿಯಾಗಿದೆ, ಕಮ್ಮಿಯಾಗಿಲ್ಲ.

ದುಡ್ಡಿನ ದಾರಿ ಪೂರ್ತಿ ಮುಚ್ಚಿಲ್ಲ. ಬೆಂಗಳೂರಿನ ಷೇರು ವ್ಯವಹಾರದ ಕಂಪನಿ ಝೆರೋಧ 2024ರ ಅಕ್ಟೋಬರ್‌ನಲ್ಲಿ ಫ್ಲಾಸ್ ಫಂಡ್ ಅಂತ ಶುರು ಮಾಡಿತು, ಇಂಥ ಪ್ರಾಜೆಕ್ಟುಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್. ಫಂಡಿಂಗ್ ಡಾಟ್ ಜೇಸನ್ ಅಂತ ಒಂದು ಫೈಲಿನಲ್ಲಿ ಎಷ್ಟು ಬೇಕು, ಯಾಕೆ ಬೇಕು ಅಂತ ಬರೆದು ಇಡಬೇಕು. ದೊಡ್ಡ ಲೈಬ್ರರಿಗಳ ಜೊತೆ ಪೈಪೋಟಿ, ಸಿಕ್ಕೇ ಸಿಗುತ್ತದೆ ಅಂತ ಆಸೆ ಹುಟ್ಟಿಸುವುದಿಲ್ಲ. ಇಂಥ ಕೋಡ್ ಇಡುವ ಗಿಟ್‌ಹಬ್ ತಾಣದಲ್ಲೂ ಸ್ಪಾನ್ಸರ್ ಅನ್ನುವ ಗುಂಡಿ 2019ರಿಂದ ಇದೆ. ನಮ್ಮ ಹುಡುಗರಿಗೆ ಅದನ್ನು ಹಾಕಿಕೊಳ್ಳಲೂ ಸಂಕೋಚ, ಏನೋ ಭಿಕ್ಷೆ ಕೇಳಿದ ಹಾಗೆ. ಅವನ ಲೈಬ್ರರಿಯನ್ನು ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವ ಕಂಪನಿಗಳು ಬಳಸುತ್ತಿದ್ದರೆ ನೇರವಾಗಿ ಅವರಿಗೇ ಬರೆದು ವರ್ಷಕ್ಕಿಷ್ಟು ಅಂತ ಕೇಳಲಿ. ಕೊಡದಿದ್ದರೆ ಬಿಡಲಿ, ಬಯ್ಯುವವರ ಸಾಲಿನಲ್ಲಿ ಅವರನ್ನು ಕೊನೆಗೆ ನಿಲ್ಲಿಸಲಿ.

ನಾವು ಕೂಡ ಆ ಅರ್ಕಾವತ್ತಿನ ಹುಡುಗನಿಗೆ ಈ ತಿಂಗಳು ದುಡ್ಡು ಕಳಿಸಿದೆವು. ಅದೊಂದು ಫಜೀತಿ. ನಮ್ಮ ಅಕೌಂಟ್ಸ್ ನೋಡುವವರು "ಬಿಲ್ ಎಲ್ಲಿ?" ಅಂದರು. ಅವನು "ಸಾರ್, ಬಿಲ್ ಹೇಗೆ ಮಾಡೋದು ಗೊತ್ತಿಲ್ಲ, ಬೇಡ ಬಿಡಿ" ಅಂದ. ಕೊನೆಗೆ ನಾವೇ ವೋಚರ್ ಬರೆದೆವು. ವಿವರ ಅನ್ನುವ ಕಡೆ 'ಅರ್ಕಾವತ್ತು ರಿಪೇರಿ', ಮೊತ್ತ 5,000. ಪ್ರಿಂಟ್ ತೆಗೆದರೆ ಅಕ್ಷರದಲ್ಲಿ 'ಐದು ಸಾವಿರದ ರೂಪಾಯಿ ಮಾತ್ರ' ಅಂತ ಬಂದಿದೆ, ಒಂದು 'ದ' ಜಾಸ್ತಿ. ಆ ಸಾಫ್ಟ್‌ವೇರಿನ ಒಳಗಿರುವುದು ನಿಮ್ಮ ಮಗನ ಲೈಬ್ರರಿಯೇ ಆಗಿದ್ದರೆ ಅವನಿಗೊಂದು ಮಾತು ತಿಳಿಸಿ. ಅವಸರವೇನೂ ಇಲ್ಲ.

— ಸಂಪಾದಕ