ಘಾನಾದ ಕಪ್ಪು ನಕ್ಷತ್ರ, ಬಣ್ಣಗಳ ನೆಂಟಸ್ತಿಕೆ

ಶಿವಮೊಗ್ಗದ ಓದುಗರೊಬ್ಬರು ಕಳೆದ ಸಂಚಿಕೆಯ ಧ್ವಜಗಳ ಪುಟವನ್ನು ನೋಡಿ ಬರೆದಿದ್ದಾರೆ: ಆಫ್ರಿಕಾದ ದೇಶಗಳಿಗೆ ಕೆಂಪು, ಹಳದಿ, ಹಸಿರು ಬಿಟ್ಟರೆ ಬೇರೆ ಬಣ್ಣವೇ ಸಿಗಲಿಲ್ಲವೇ? ಒಂದರಿಂದ ಇನ್ನೊಂದನ್ನು ಗುರುತು ಹಿಡಿಯುವುದೇ ಕಷ್ಟ. ಘಾನಾದ ಧ್ವಜ ಇಥಿಯೋಪಿಯಾದ ನಕಲಲ್ಲವೇ?

ಗುರುತು ಹಿಡಿಯುವುದು ಕಷ್ಟವೆಂಬ ತಮ್ಮ ಮಾತು ನಿಜ. ನಕ್ಷತ್ರ ತೆಗೆದರೆ ಘಾನಾದ ಧ್ವಜವನ್ನು ದಕ್ಷಿಣ ಅಮೆರಿಕದ ಬೊಲಿವಿಯಾದ್ದೆಂದೇ ತಿಳಿಯಬಹುದು. ಆದರೆ ನಕಲಿನ ಆರೋಪವನ್ನು ನಾನು ಒಪ್ಪಲಾರೆ. 1896ರಲ್ಲಿ ಅಡ್ವಾದಲ್ಲಿ ಇಟಲಿಯ ಸೈನ್ಯವನ್ನು ಸೋಲಿಸಿ, ಪರರ ಆಳ್ವಿಕೆಯಲ್ಲಿದ್ದ ಖಂಡಕ್ಕೆಲ್ಲ ಧೈರ್ಯ ತುಂಬಿದ ದೇಶ ಇಥಿಯೋಪಿಯಾ. ಅದರ ಬಣ್ಣಗಳನ್ನು ಘಾನಾ ತಿಳಿದೇ, ಹೆಮ್ಮೆಯಿಂದಲೇ ತನ್ನದಾಗಿಸಿಕೊಂಡಿತು.

1957ರ ಮಾರ್ಚ್ 6ರಂದು ಸ್ವತಂತ್ರವಾದ ಆ ನಾಡಿನ ಧ್ವಜವನ್ನು ರೂಪಿಸಿದವರು ಥಿಯೊಡೋಸಿಯಾ ಓಕೊ ಎಂಬ ಶಿಕ್ಷಕಿ, ಕಲಾವಿದೆ. ಮೇಲಿನ ಕೆಂಪು ಬಿಡುಗಡೆಗಾಗಿ ಮಡಿದವರ ರಕ್ತ, ಕೆಳಗಿನ ಹಸಿರು ಕಾಡು. ನಡುವಿನ ಹೊಂಬಣ್ಣ, ಬ್ರಿಟಿಷರು ಗೋಲ್ಡ್ ಕೋಸ್ಟ್ ಎಂದೇ ಕರೆಯುತ್ತಿದ್ದ ನೆಲದ ಖನಿಜ ಸಂಪತ್ತು. ಅದರ ಮೇಲಿನ ಐದು ಮೊನೆಯ ಕಪ್ಪು ನಕ್ಷತ್ರಕ್ಕೆ ಅಟ್ಲಾಂಟಿಕ್ ದಾಟಿ ಬಂದ ಇತಿಹಾಸವಿದೆ. ಜಮೈಕಾದ ಮಾರ್ಕಸ್ ಗಾರ್ವಿ 1919ರಲ್ಲಿ ಕಪ್ಪು ಜನರದೇ ಆದ ಹಡಗು ಕಂಪನಿ ಕಟ್ಟಿ ಅದಕ್ಕೆ ಬ್ಲ್ಯಾಕ್ ಸ್ಟಾರ್ ಲೈನ್ ಎಂದು ಹೆಸರಿಟ್ಟರು. ಸ್ವತಂತ್ರ ಘಾನಾದ ಹಡಗು ಸಂಸ್ಥೆಗೂ ಅದೇ ಹೆಸರಾಯಿತು, ಅಲ್ಲಿನ ಫುಟ್‌ಬಾಲ್ ತಂಡ ಇಂದಿಗೂ ಬ್ಲ್ಯಾಕ್ ಸ್ಟಾರ್ಸ್.

ಈ ನೆಂಟಸ್ತಿಕೆ ಬರಿಯ ಮಾತಿನದಲ್ಲ. 1958ರಲ್ಲಿ ಗಿನಿಯೊಂದಿಗೆ ಒಕ್ಕೂಟ ರಚಿಸಿದಾಗ ಅದರ ಧ್ವಜದ ನಡುಪಟ್ಟಿಯಲ್ಲಿ ಎರಡು ನಕ್ಷತ್ರಗಳಿದ್ದವು. ಮಾಲಿ ಸೇರಿದ ಮೇಲೆ ಮೂರಾದವು. ಒಕ್ಕೂಟ ಬಾಳಲಿಲ್ಲ, ಆದರೆ ಒಂದೇ ಬಟ್ಟೆಯಲ್ಲಿ ಇನ್ನೊಬ್ಬರಿಗೆ ಜಾಗ ಬಿಡುವ ಆ ಔದಾರ್ಯ ನನ್ನನ್ನು ಇಂದಿಗೂ ಮುಟ್ಟುತ್ತದೆ.

ತಾವು ಸಿಟ್ಟಾಗಬೇಕಿದ್ದರೆ 1964ರ ಮೇಲೆ ಆಗಿ. ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಅವರ ಆಡಳಿತ ಏಕಪಕ್ಷದ ದಾರಿ ಹಿಡಿದು, ಹೊಂಬಣ್ಣವನ್ನು ತೆಗೆದು ಪಕ್ಷದ ಧ್ವಜದ ಬಿಳಿಯನ್ನು ತಂದಿತು. ಅವರ ಸಾಧನೆಯನ್ನು ಗೌರವಿಸುವ ನನಗೂ ಇದು ಸಹಿಸಲಾಗದ ತಪ್ಪು: ರಾಷ್ಟ್ರಧ್ವಜ ಯಾವ ಪಕ್ಷದ ಸ್ವತ್ತೂ ಅಲ್ಲ. 1966ರಲ್ಲಿ ಸೈನ್ಯ ಅವರನ್ನು ಇಳಿಸಿದ ಬಳಿಕ ಹಳೆಯ ಬಣ್ಣ ಮರಳಿತು.

ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್‌ಲ್ಯಾಂಡ್‌ಗಳ ಧ್ವಜಗಳಲ್ಲಿ ಒಂದೇ ಬಗೆಯ ಶಿಲುಬೆಯಿದೆ. ಅದನ್ನು ಪರಂಪರೆಯೆಂದು ಕೊಂಡಾಡುವ ನಾವು ಆಫ್ರಿಕಾದ ವಿಷಯ ಬಂದಾಗ ಮಾತ್ರ ಕಲ್ಪನೆಯ ಬಡತನವನ್ನು ಕಾಣುತ್ತೇವೆ. ಐವತ್ತನಾಲ್ಕು ದೇಶಗಳನ್ನು ಒಂದೇ ಊರೆಂಬಂತೆ ಓದಿ ಬೆಳೆದುದರ ಫಲವಿದು. ತಮ್ಮ ಕಣ್ಣು ಸೂಕ್ಷ್ಮವಾದದ್ದು. ಗಿನಿ-ಬಿಸಾವ್‌ನ ಧ್ವಜದ ಕೆಂಪು ಪಟ್ಟಿಯನ್ನೂ ಒಮ್ಮೆ ನೋಡಿ, ಆ ಕಪ್ಪು ನಕ್ಷತ್ರ ಅಲ್ಲಿಯೂ ಇದೆ. ನೋಡಿದ ಮೇಲೆ ತಪ್ಪದೆ ಬರೆಯಿರಿ.

— ಸಂಪಾದಕ