ಅತ್ತೆಯವರ ಕಾಯಿ, ಮುಂಡಗೋಡದ ಬುದ್ಧ

ಪ್ರಶ್ನೆ: ಅಕ್ಕಾರ, ನಮಸ್ಕಾರ. ಬರುವ ರವಿವಾರ ಮನೆಮಂದಿಯೆಲ್ಲ ಮುಂಡಗೋಡದ ಟಿಬೆಟನ್ ಕ್ಯಾಂಪಿಗೆ ಹೊರಟಿದ್ದೇವೆ. ಗುಡಿಗೆ ಬರಿಗೈಲಿ ಹೋಗಬಾರದು ಅಂತ ನಮ್ಮ ಅತ್ತೆಯವರು ಈಗಲೇ ಕಾಯಿ, ಕರ್ಪೂರ ತೆಗೆದಿಟ್ಟಿದ್ದಾರೆ. ಬುದ್ಧನ ಮುಂದೆ ಕಾಯಿ ಒಡೆಯಬಹುದಾ? ನಾವು ಬೌದ್ಧರಲ್ಲ, ಒಳಗೆ ಬಿಡುತ್ತಾರಾ? ಮಗನ ಜರ್ಮನ್ ಗೆಳೆಯನೂ ಬರುತ್ತೇನೆ ಅನ್ನುತ್ತಿದ್ದಾನೆ.
— ಓದುಗರೊಬ್ಬರು, ಮಾಳಮಡ್ಡಿ, ಧಾರವಾಡ

ಉತ್ತರ: ಧಾರಾಳವಾಗಿ ಬಿಡುತ್ತಾರೆ. ಯಾವ ಜಾತಿ, ಯಾವ ಧರ್ಮ ಅಂತ ಯಾರೂ ಕೇಳುವುದಿಲ್ಲ. ಚಪ್ಪಲಿ ಹೊರಗೆ ಬಿಡಿ, ಕೇಳದೆ ಫೋಟೋ ತೆಗೆಯಬೇಡಿ, ಒಳಗೆ ಕೂತಾಗ ಬುದ್ಧನ ಕಡೆ ಕಾಲು ಚಾಚಬೇಡಿ. ಇದನ್ನೆಲ್ಲ ನಿಮ್ಮ ಅತ್ತೆಯವರಿಗೆ ಹೇಳಿಕೊಡಬೇಕಾಗಿಲ್ಲ ಬಿಡಿ.

ಗೆಳೆಯನದೇ ತೊಡಕು. ಅದು ಟಿಬೆಟನ್ನರು 1966ರಲ್ಲಿ ಬಂದು ನೆಲೆಸಿದ ಜಾಗ. ಅಲ್ಲಿಗೆ ಹೋಗಲು ವಿದೇಶಿಯರಿಗೆ ಕೇಂದ್ರ ಗೃಹ ಇಲಾಖೆಯ ಪರವಾನಗಿ ಬೇಕು. ಒಂದು ವಾರದಲ್ಲಿ ಸಿಗುವಂಥದ್ದಲ್ಲ ಅದು. ಈ ಸಲ ಅವನಿಗೆ ಉಣಕಲ್ ಕೆರೆ ತೋರಿಸಿ.

ನಾನು ಮೊದಲ ಸಲ ಹೋದಾಗ ಮಂತ್ರದ ಸುರುಳಿ ಒಳಗಿಟ್ಟ ಪ್ರಾರ್ಥನಾ ಚಕ್ರಗಳ ಸಾಲು ಕಂಡು, ಫೋನಿನಲ್ಲಿ ಮಾತಾಡುತ್ತ, ಸುಮ್ನೆ ಒಂದೊಂದೇ ತಿರುಗಿಸುತ್ತ ಹೊರಟಿದ್ದೆ. ಎದುರಿಗೆ ಪಟ್ಟೆಪಟ್ಟೆ ಏಪ್ರನ್ ಕಟ್ಟಿದ ಅಜ್ಜಿಯೊಬ್ಬರು ಬಂದರು. ಬೈಯಲಿಲ್ಲ. ನನ್ನ ಮೊಣಕೈ ಹಿಡಿದು, ಗಾಡಿ ಹೊರಳಿಸುವ ಹಾಗೆ ನನ್ನನ್ನು ಹಿಂದಕ್ಕೆ ಹೊರಳಿಸಿದರು. ಆಮೇಲೆ ಜಪಮಣಿ ಎಣಿಸುತ್ತ ನನ್ನ ಜೊತೆಗೇ ನಡೆದರು. ಚಕ್ರದ ಕೆಳಗಿನ ಕಟ್ಟಿಗೆಯ ಹಿಡಿ ಕೈ ತಾಗಿ ತಾಗಿ ಲಟ್ಟಣಿಗೆಯಷ್ಟು ನುಣುಪಾಗಿತ್ತು. ಗುಡಿ ನಮ್ಮ ಬಲಕ್ಕಿರಬೇಕು, ನಮ್ಮ ಪ್ರದಕ್ಷಿಣೆಯ ಹಾಗೇ. ಗೊತ್ತಿದ್ದೂ ತಪ್ಪಿದ್ದೆ ನೋಡಿ.

ಡ್ರೆಪುಂಗ್, ಗಾಂಡೆನ್ ಎರಡೂ ಮಠ ನೋಡಿ. ಇವುಗಳ ಮೂಲ ಮಠಗಳು ಟಿಬೆಟ್ಟಿನ ಲಾಸಾ ಸಮೀಪದವು, ಗಾಂಡೆನ್ 1409ರದ್ದು, ಡ್ರೆಪುಂಗ್ 1416ರದ್ದು. ಇವು ಬರೀ ಗುಡಿಯಲ್ಲ, ಸಾವಿರಾರು ಭಿಕ್ಷುಗಳು ಓದುವ ಶಾಲೆಗಳು. ಅಂಗಳದಲ್ಲಿ ಚರ್ಚೆ ನಡೆಯುತ್ತಿದ್ದರೆ ದೂರ ನಿಂತು ನೋಡಿ. ಕೂತವನು ಉತ್ತರ ಕೊಡಬೇಕು. ನಿಂತವನು ಪ್ರಶ್ನೆ ಹಾಕಿ, ಎಡಗಾಲು ನೆಲಕ್ಕೆ ಅಪ್ಪಳಿಸಿ, ಚಟ್ ಅಂತ ಚಪ್ಪಾಳೆ ಹೊಡೆಯುತ್ತಾನೆ. ಜಗಳ ಅಂದುಕೊಂಡು ನಮ್ಮ ತಮ್ಮ ಬಿಡಿಸಲು ಹೊರಟಿದ್ದ!

ಅತ್ತೆಯವರಿಗೆ ಬೌದ್ಧರ ದೇವತೆ ತಾರಾದೇವಿಯನ್ನು ತೋರಿಸಿ. ಮೈ ಹಸಿರು, ಕರೆದ ಕೂಡಲೇ ಎದ್ದು ಬರುವವಳ ಹಾಗೆ ಬಲಗಾಲು ಕೆಳಗಿಟ್ಟು ಕೂತಿರುತ್ತಾಳೆ. ಈಕೆ ನಮ್ಮ ಕಡೆಗೆ ಹೊಸಬಳಲ್ಲ. ಗದಗ ಜಿಲ್ಲೆಯ ಡಂಬಳದಲ್ಲಿ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೆ ದತ್ತಿ ಕೊಟ್ಟ 1095ರ ಶಾಸನ ಇದೆ, ಅದರಲ್ಲಿ ತಾರಾದೇವಿಯ ಹೆಸರಿದೆ.

ಬರಿಗೈಲಿ ಹೋಗಬಾರದು ಅನ್ನುವುದು ಸರಿಯೇ. ಅಲ್ಲಿಯವರೂ ಹಣ್ಣು, ಬಿಸ್ಕಿಟ್ ಪೊಟ್ಟಣ ಬುದ್ಧನ ಮುಂದೆ ಇಡುತ್ತಾರೆ. ಒಂದು ಡಜನ್ ಬಾಳೆಹಣ್ಣು ಒಯ್ಯಿರಿ. ಕಾಯಿ ಒಡೆಯುವ ಪದ್ಧತಿ ಮಾತ್ರ ಅಲ್ಲಿಲ್ಲ. ಒಡೆಯಲೇಬೇಕು ಅಂತ ಅತ್ತೆಯವರು ಹಟ ಹಿಡಿದರೆ, ಹುಬ್ಬಳ್ಳಿಯಿಂದ ಹೋಗುವಾಗ ತಡಸದಲ್ಲಿ ಗಾಯತ್ರಿ ತಪೋಭೂಮಿ ಸಿಗುತ್ತದೆ. ಅಲ್ಲಿ ಇಳಿದು ಕೇಳಿ ನೋಡಿ.